ಸೊನ್ನೆ ದುಂಡಗಾದ ಬಗೆ

ರಬಕವಿ-ಬನಹಟ್ಟಿಯ ಮಗ್ಗಗಳ ಸಪ್ಪಳದ ನಡುವೆ ಬೆಳೆದವರಿಗೆ, ಬರೆದಿಟ್ಟ ಆಜ್ಞೆಯಂತೆ ತಾನೇ ನಡೆಯುವ ಯಂತ್ರವು ಅಪರಿಚಿತವಲ್ಲ. ಸೀರೆಯಲ್ಲಿ ಹೂಬಳ್ಳಿ ಮೂಡಿಸುವ ಜಕಾರ್ಡಿನ ರಟ್ಟುಗಳನ್ನು ಅವರು ಕಂಡವರೇ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಉಪಾಯದ ದೂರದ ಸಂತತಿಯೇ, ಮರದಲ್ಲಿ ಅಕ್ಷರ ಕೊರೆಯುವ ಇಂದಿನ ಸಿ.ಎನ್.ಸಿ. ರೌಟರ್ ಎನ್ನಬಹುದು. 1952ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರದರ್ಶಿತವಾದ ಇದರ ಮೂಲರೂಪವೂ ತೂತು ಹಾಕಿದ ಕಾಗದದ ಪಟ್ಟಿಯನ್ನೇ ಓದುತ್ತಿತ್ತು.

ಬನಹಟ್ಟಿಯಲ್ಲಿರುವ ನಮ್ಮ ಬಂಧುಗಳೊಬ್ಬರ ಮಗನು, ತಂದೆಯ ವಿದ್ಯುತ್ ಮಗ್ಗದ ಆದಾಯ ಸಾಲದೆ, ಕೂಡಿಟ್ಟ ಹಣದಲ್ಲಿ ಇಂಥದೊಂದು ಚಿಕ್ಕ ಯಂತ್ರವನ್ನು ತಂದನು. ಬೀಳಗಿ ಸೀಮೆಯ ಮಠವೊಂದರಿಂದ ಮೊದಲ ಕೆಲಸ ಬಂದಿತು: ‘ದಾಸೋಹ ಮಂದಿರ’ ಎಂಬ ಫಲಕ. ಜಮಖಂಡಿಯಿಂದ ತಂದ ಸಾಗುವಾನಿ ಹಲಗೆ ಒಂದೇ. ಅದು ಕೆಟ್ಟರೆ ಮತ್ತೊಂದನ್ನು ತರುವ ಅನುಕೂಲ ಆ ಮನೆಗೆ ಇರಲಿಲ್ಲ. ಅಕ್ಷರಗಳ ರೂಪವನ್ನು ನೋಡಿಕೊಡಲು ನನ್ನನ್ನು ಕರೆದಿದ್ದರು.

ಪ್ಲೈವುಡ್ಡಿನ ಮೇಲೆ ಕೊರೆದ ಮಾದರಿಯಲ್ಲಿ ‘ಮಂ’ ಅಕ್ಷರದ ಸೊನ್ನೆಯು ಎಡಬಲದ ಅಂಚುಗಳಲ್ಲಿ ಚಪ್ಪಟೆಯಾಗಿ ತತ್ತಿಯಂತಿತ್ತು. ಇಂಗ್ಲಿಷಿನ ನೆಟ್ಟನೆಯ ಗೆರೆಗಳಲ್ಲಿ ಇಂಥ ದೋಷ ಅಡಗಿಕೊಳ್ಳಬಹುದು. ನಮ್ಮ ಲಿಪಿ ದುಂಡು. ಅದು ಯಂತ್ರದ ಗುಟ್ಟನ್ನು ಮುಚ್ಚಿಡುವುದಿಲ್ಲ.

ಹುಡುಗನು ಗಣಕಯಂತ್ರದಲ್ಲಿ ಅಂಕಿಯೊಂದನ್ನು ಬದಲಿಸಲು ಸಿದ್ಧನಾಗಿದ್ದನು. ತಂದೆ ತಡೆದರು: “ಹಾಸು ಸಡ್ಲ ಇದ್ದರ ರಟ್ಟ ಯಾಕ ತಿದ್ದತೀ?” ಈ ಒಂದು ಮಾತಿನಲ್ಲಿ ವಿಷಯವೆಲ್ಲ ಇದೆ.

ಆ ಅಂಕಿ ಯಾವುದು? ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಯನ್ನು 8 ಭಾಗ ಮಾಡಿದರೆ 1600. ತಿರುಪಿನ ದಂಡವು ಸುತ್ತಿಗೆ 8 ಮಿ.ಮೀ. ಮುಂದೊಯ್ದರೆ, ಮಿಲಿಮೀಟರಿಗೆ 200 ಹೆಜ್ಜೆ. ಇದು ಲೆಕ್ಕದಿಂದ ಬಂದದ್ದು, ಸುಲಭವಾಗಿ ತಪ್ಪುವಂಥದಲ್ಲ. ಆದುದರಿಂದ ಎರಡು ಅಳತೆಗಳನ್ನು ತೆಗೆದೆವು. ಎಡಕ್ಕೆ ಸರಿದು ನಿಂತ ಮೊನೆಯನ್ನು ಬಲಕ್ಕೆ 20 ಮಿ.ಮೀ. ಸರಿ ಎಂದರೆ 19.6 ಸರಿಯಿತು; 200 ಎಂದರೆ 199.6. ಎರಡರಲ್ಲಿಯೂ ಕೊರತೆ 0.4 ಮಾತ್ರ! ಅಂಕಿ ತಪ್ಪಿದ್ದರೆ ದೂರ ಹೆಚ್ಚಿದಂತೆ ಕೊರತೆಯೂ ಹತ್ತು ಪಟ್ಟು ಬೆಳೆಯಬೇಕಿತ್ತು. ಬೆಳೆಯದಿದ್ದುದರಿಂದ, ದಿಕ್ಕು ಬದಲಾಗುವಾಗ ಎಲ್ಲಿಯೋ ಸಡಿಲವಿದೆಯೆಂದು ಸಿದ್ಧವಾಯಿತು. ಚಿಕ್ಕ ಅಳತೆಯೊಂದನ್ನೇ ನಂಬಿ 200ನ್ನು 204ಕ್ಕೆ ಏರಿಸಿದ್ದರೆ, ಉದ್ದನೆಯ ಚಲನೆ 203.6 ಆಗಿ ಫಲಕವೇ ಹಿಗ್ಗುತ್ತಿತ್ತು.

ಹುಡುಕಿದಾಗ ಮೋಟಾರನ್ನೂ ದಂಡವನ್ನೂ ಕೂಡಿಸುವ ಜೋಡಣೆಯ ಪುಟ್ಟ ತಿರುಪು ಸಡಿಲವಾಗಿತ್ತು. ನಟ್ಟಿನ ಎಳೆಗಳೂ ಸವೆದಿದ್ದವು. ತಿರುಪು ಬಿಗಿಸಿ, ನಡುವೆ ಸ್ಪ್ರಿಂಗ್ ಇರುವ ಜೋಡಿ ನಟ್ಟನ್ನು ಹಾಕಿದ ಮೇಲೆ ಚಪ್ಪಟೆ ಹೋಯಿತು. ಆದರೂ ಸೊನ್ನೆ ತುಸು ಓರೆಗೆ ವಾಲಿತ್ತು. ಇದು ಬೇರೆ ರೋಗ: ಅಡ್ಡತೊಲೆಯು ಹಳಿಗಳಿಗೆ ಲಂಬವಾಗಿರಲಿಲ್ಲ. ಮನೆಯ ಪಾಯ ಹಾಕುವ ಗೌಂಡಿಯ ಮೂರು-ನಾಲ್ಕು-ಐದರ ಲೆಕ್ಕವೇ ಇಲ್ಲಿಯೂ ಸಾಕು. 300 ಮತ್ತು 400 ಮಿ.ಮೀ. ದೂರಗಳಲ್ಲಿ ಚುಕ್ಕೆ ಹಾಕಿಸಿ ಕರ್ಣವನ್ನು ಅಳೆದರೆ 500 ಇರಬೇಕಾದಲ್ಲಿ 501 ಇತ್ತು. ತೊಲೆಯ ಒಂದು ತುದಿಯನ್ನು ಸಡಿಲಿಸಿ, ಸರಿಸಿ, ಮತ್ತೆ ಅಳೆದು ಬಿಗಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ಈ ಸಹನೆ ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಸಹಜವೆಂದು ತೋರುತ್ತದೆ.

ಉಳಿದದ್ದು ಆಳ. ‘ದಾ’ ತೆಳ್ಳಗೆ, ‘ರ’ ದಪ್ಪ. ಮುಧೋಳದ ಲೇತ್ ಅಂಗಡಿಯೊಂದರಿಂದ ಡಯಲ್ ಗೇಜನ್ನು ಎರವಲು ತಂದೆವು. (ಗದಾಯುದ್ಧವನ್ನು ಹಾಡಿದ ರನ್ನನ ಊರಿನಲ್ಲಿ ಕಬ್ಬಿಣದ ಕೆಲಸದವರು ನಿಪುಣರಾಗಿರುವುದರಲ್ಲಿ ಸೋಜಿಗವೇನು!) ಅದನ್ನು ಯಂತ್ರದ ತಲೆಗೆ ಕಟ್ಟಿ ಹಾಸಿನ ಹಲಗೆಯ ಮೇಲೆ ಎಳೆದರೆ, ಒಂದು ಕಡೆ ಅರ್ಧ ಮಿಲಿಮೀಟರ್ ಎತ್ತರ. 90 ಅಂಶದ ಚೂಪು ಉಳಿಯು ಎಷ್ಟು ಆಳಕ್ಕೆ ಇಳಿಯುವುದೋ ಅದರ ಎರಡು ಪಟ್ಟು ಅಗಲ ಕೊರೆಯುತ್ತದೆ. ಅರ್ಧದ ಏರುತಗ್ಗು ಗೆರೆಯಲ್ಲಿ ಒಂದು ಮಿಲಿಮೀಟರಾಗಿ ಕಾಣುತ್ತದೆ. ಯಂತ್ರದಿಂದಲೇ ಆ ಹಾಸುಹಲಗೆಯನ್ನು ಸವರಿ ಸಮಮಾಡಿದ್ದಾಯಿತು.

ಕಡೆಗೆ ರದ್ದಿ ತುಂಡಿನಲ್ಲಿ 24 ಮಿ.ಮೀ.ನ ಸೊನ್ನೆಯೊಂದನ್ನು ಕೊರೆದು ನಾಲ್ಕು ದಿಕ್ಕಿಗೂ ಅಳೆದೆವು. ಮೂರರಲ್ಲಿ 24, ಒಂದರಲ್ಲಿ 23.9. ಹುಡುಗನು ಅದನ್ನೂ ತಿದ್ದಬೇಕೆಂದನು. ತಂದೆ ನಕ್ಕು, ಸಾಗುವಾನಿ ಹಲಗೆಯನ್ನು ತಾವೇ ಎತ್ತಿ ಯಂತ್ರದ ಮೇಲಿಟ್ಟರು.