ಏನೂ ಆಗದ ಲೋಟ

ಮಕ್ಕಳೇ, ಬಾಗಿಲ ಚಿಲಕ, ಸೈಕಲ್ ಸರಪಳಿ ತುಕ್ಕು ಹಿಡಿಯುವುದನ್ನು ನೀವು ನೋಡಿದ್ದೀರಿ. ಕಬ್ಬಿಣಕ್ಕೆ ನೀರು ಮತ್ತು ಆಕ್ಸಿಜನ್ ಎರಡೂ ದೊರೆತರೆ ತುಕ್ಕು ಉಂಟಾಗುತ್ತದೆ. ಚಿಲಕಕ್ಕೆ ಬಣ್ಣ ಬಳಿಯಬಹುದು. ಆದರೆ ನೀರು ಹರಿಯುವ ಲೋಹದ ಕೊಳವೆಯ ಒಳಭಾಗಕ್ಕೆ ಏನು ಮಾಡುವುದು? ಕೆಲವೆಡೆ ನೀರಿಗೇ ಸ್ವಲ್ಪ ರಾಸಾಯನಿಕ ಬೆರೆಸುತ್ತಾರೆ. ಲೋಹ ಸವೆಯದಂತೆ ತಡೆಯುವ ಇಂತಹ ವಸ್ತುವೇ ಪ್ರತಿಬಂಧಕ.

ನೀವೂ ಒಂದನ್ನು ಪರೀಕ್ಷಿಸಿ ನೋಡಿ. ಎರಡು ಕಬ್ಬಿಣದ ಮೊಳೆಗಳನ್ನು ಮರಳು ಕಾಗದದಿಂದ ಉಜ್ಜಿ. ಸತುವು ಲೇಪಿಸಿದ ಮೊಳೆ ಬೇಡ. ಎರಡು ಗಾಜಿನ ಲೋಟಗಳಿಗೆ ಒಂದೇ ಕೊಡದ ನೀರನ್ನು ಸಮನಾಗಿ ಹಾಕಿ. ಒಂದಕ್ಕೆ ಮಾತ್ರ ನಿಮ್ಮ ಶಿಕ್ಷಕರಿಂದ ಒಂದು ಚಮಚ ವಾಷಿಂಗ್ ಸೋಡಾ ಹಾಕಿಸಿ, ಕಲಕಿ. ಸೋಡಾವನ್ನು ಕೈಯಿಂದ ಮುಟ್ಟಬೇಡಿ. ಮೊಳೆಗಳನ್ನು ಮುಳುಗಿಸಿ ನಾಲ್ಕು ದಿನ ಬಿಡಿ.

ನಾನು ಶಾಲೆಗಳಲ್ಲಿ ಈ ಪ್ರಯೋಗ ಮಾಡಿಸಿದಾಗಲೆಲ್ಲ ಮಕ್ಕಳು ಕಂದು ತುಕ್ಕು ಹಿಡಿದ ಮೊಳೆಯ ಸುತ್ತ ಸೇರುತ್ತಾರೆ. ಸೋಡಾ ಇರುವ ಲೋಟ ತೋರಿಸಿದರೆ, “ಇದರಲ್ಲಿ ಏನೂ ಆಗಿಲ್ಲ ಮೇಡಂ” ಎನ್ನುತ್ತಾರೆ. ನನಗೆ ಬಹಳ ಇಷ್ಟವಾದ ಉತ್ತರ ಇದು. ಏನೂ ಆಗದಿರುವುದೇ ಸೋಡಾ ಮಾಡಿದ ಕೆಲಸ! ಕ್ಷಾರೀಯ ನೀರಿನಲ್ಲಿ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಉಳಿದು ಅದನ್ನು ಕಾಪಾಡುತ್ತದೆ. ಪಕ್ಕದಲ್ಲಿ ಸಾದಾ ನೀರಿನ ಲೋಟ ಇಲ್ಲದಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಪ್ರಯೋಗಾಲಯದಲ್ಲಿ ಲೋಹದ ತುಂಡನ್ನು ಮೊದಲು ತೂಗುತ್ತಾರೆ. ಕೊನೆಗೆ ತುಕ್ಕು ತೆಗೆದು ಮತ್ತೆ ತೂಗುತ್ತಾರೆ. ಸಾದಾ ನೀರಿನಲ್ಲಿ 100 ಮಿಲಿಗ್ರಾಂ, ಪ್ರತಿಬಂಧಕ ಬೆರೆಸಿದ ನೀರಿನಲ್ಲಿ 10 ಮಿಲಿಗ್ರಾಂ ನಷ್ಟವಾದರೆ ರಕ್ಷಣೆ ಶೇ. 90 ಎಂದರ್ಥ.

ಇದು ಬರೀ ಮೊಳೆಯ ಮಾತಲ್ಲ. ಅಮೆರಿಕದ ಫ್ಲಿಂಟ್ ನಗರಕ್ಕೆ ಡೆಟ್ರಾಯಿಟ್‌ನಿಂದ ಫಾಸ್ಫೇಟ್ ಪ್ರತಿಬಂಧಕ ಬೆರೆಸಿದ ನೀರು ಬರುತ್ತಿತ್ತು. 2014ರ ಏಪ್ರಿಲ್‌ನಲ್ಲಿ ಹಣ ಉಳಿಸಲೆಂದು ಫ್ಲಿಂಟ್ ನದಿಯ ನೀರು ಕೊಡತೊಡಗಿದರು. ಅದಕ್ಕೆ ಪ್ರತಿಬಂಧಕ ಬೆರೆಸಲಿಲ್ಲ. ಹಳೆಯ ಕೊಳವೆಗಳು ಸವೆದು ಅವುಗಳಲ್ಲಿದ್ದ ಸೀಸ ಕುಡಿಯುವ ನೀರಿಗೆ ಸೇರಿತು. ಸೀಸ ಮಕ್ಕಳ ಮಿದುಳಿಗೆ ಹಾನಿಕರ. ಎಂಜಿನ್ ಭಾಗಗಳು ಹಾಳಾಗುತ್ತವೆಂದು ಅಲ್ಲಿನ ಜನರಲ್ ಮೋಟಾರ್ಸ್ ಕಾರ್ಖಾನೆ ಅದೇ ವರ್ಷ ಆ ನೀರನ್ನು ಬಿಟ್ಟಿತು. ಮನೆಗಳಿಗೆ ಮಾತ್ರ 2015ರ ಅಕ್ಟೋಬರ್‌ವರೆಗೂ ಅದೇ ನೀರು ಬಂತು.

ಅರ್ಧ ಚಮಚ ಸೋಡಾ ಸಾಕೇ? ಕಾಲು ಚಮಚ? ಇನ್ನಷ್ಟು ಲೋಟಗಳನ್ನಿಟ್ಟು ನೋಡಿ. ಏನನ್ನೂ ಬೆರೆಸದ ಲೋಟ ಮಾತ್ರ ಒಂದು ಇರಲೇಬೇಕು.