ಬ್ಯಾಟಿನ ಸ್ಟಿಕರ್ ಮುಚ್ಚಿದ ಮೇಲೆ ಉಳಿಯೋದೇನು?

ಬ್ಯಾಟ್ ಮಾರುವ ಯಾವುದೇ ಆನ್‌ಲೈನ್ ಅಂಗಡಿ ತೆರೆದು ನೋಡಿ. ‘ಎಕ್ಸ್‌ಪ್ಲೋಸಿವ್ ಪವರ್’, ‘ಮ್ಯಾಸಿವ್ ಎಡ್ಜ್’, ‘ಪ್ರೊ ಗ್ರೇಡ್ ವಿಲ್ಲೋ’, ‘ರೆಡಿ ಟು ಪ್ಲೇ’. ಒಂದೊಂದು ಬ್ಯಾಟಿಗೂ ನಾಲ್ಕು ಬಿರುದು. ಪವರ್ ಎಷ್ಟು, ಯಾವುದಕ್ಕಿಂತ ಹೆಚ್ಚು, ಅಳೆದವರು ಯಾರು ಅಂತ ಹುಡುಕಿದರೆ ಒಂದು ಅಂಕಿಯೂ ಸಿಗೋದಿಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ಯೂನಿಟ್ ಬರೆಯದಿದ್ದರೆ ನಮ್ಮ ಮೇಷ್ಟ್ರು ಕೆಂಪು ಪೆನ್ನಿನಿಂದ ಗೀಟು ಹಾಕ್ತಾರೆ. ಈ ಜಾಹೀರಾತುಗಳಿಗೆ ಗೀಟು ಹಾಕೋರು ಯಾರೂ ಇಲ್ಲ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಶಿರೂರಿನಿಂದ ತಮ್ಮ ಫೋನ್ ಮಾಡಿದಾಗ. “ಅಣ್ಣಾ, ಹನ್ನೆರಡು ಮಂದಿ ಐದೈದು ನೂರು ಪಟ್ಟಿ ಹಾಕೇವಿ. ಆರು ಸಾವಿರ ಆಗೇತಿ. ಇಂಗ್ಲಿಷ್ ವಿಲ್ಲೋ ಬ್ಯಾಟ್ ತಗೊಳ್ಳೂಣು ಅಂತ ಮಾಡೇವಿ. ನೀ ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಯಾವ್ದು ಚಲೋ ನೋಡಿ ಹೇಳು.” ಆ ಹನ್ನೆರಡು ಮಂದಿಯಲ್ಲಿ ಮೂರ್ನಾಲ್ಕು ಹುಡುಗರು ಉಳ್ಳಾಗಡ್ಡಿ ಹೊಲಕ್ಕೆ ಕೂಲಿ ಹೋಗಿ ರೊಕ್ಕ ಕೂಡಿಸಿದವರು. ಅವರು ಆಡೋದು ಟೆನಿಸ್ ಬಾಲ್ ಕ್ರಿಕೆಟ್. ಸುಮ್ಮನೆ ಒಂದು ಹೆಸರು ಹೇಳಿ ಫೋನ್ ಇಡೋದು ನನ್ನಿಂದ ಆಗಲಿಲ್ಲ. ಎರಡು ದಿನ ಟೈಮ್ ಕೇಳಿದೆ.

ಮೊದಲು ಸ್ಟಿಕರ್ ವಿಷಯ. ಸಚಿನ್ ಬ್ಯಾಟಿನ ಮೇಲೆ ನಾವೆಲ್ಲ ನೋಡಿದ ಎಂಆರ್‌ಎಫ್ ಟೈರ್ ಕಂಪನಿ. ರೋಹಿತ್ ಶರ್ಮಾ ಬ್ಯಾಟಿನ ಮೇಲೆ ಇದ್ದ ಸಿಯೆಟ್ ಕೂಡ ಟೈರ್ ಕಂಪನಿಯೇ. ಅಂದ್ರೆ ದೊಡ್ಡ ಆಟಗಾರನ ಬ್ಯಾಟಿನ ಮುಖ ಅನ್ನೋದು ಬಾಡಿಗೆಗೆ ಸಿಗುವ ಜಾಗ. ಆತನ ಬ್ಯಾಟನ್ನು ಆತನ ಕೈಗೆ ತಕ್ಕಂತೆ, ಆರಿಸಿದ ಮರದಲ್ಲಿ ಮಾಡಿಸಿರುತ್ತಾರೆ. ಅದೇ ಸ್ಟಿಕರ್ ಇದ್ದ ಮಾತ್ರಕ್ಕೆ ನಮ್ಮ ಬಾಗಲಕೋಟೆ ಅಂಗಡಿಯ ಬ್ಯಾಟಿನೊಳಗೂ ಅದೇ ಮರ ಇರುತ್ತೆ ಅಂತ ಏನೂ ಇಲ್ಲ.

ಎರಡನೆಯದು ಗ್ರೇಡ್ ಮತ್ತು ಗ್ರೇನ್ಸ್. ಬ್ಯಾಟಿನ ಮುಖದ ಮೇಲೆ ಕಾಣುವ ಉದ್ದ ಗೆರೆಗಳು ಮರದ ವರ್ಷದ ಬೆಳವಣಿಗೆ, ಒಂದು ಗೆರೆಗೆ ಒಂದು ವರ್ಷ. ಗ್ರೇಡ್ 1, ಗ್ರೇಡ್ 2 ಅಂತ ವಿಂಗಡಿಸೋದು ಬಹುಮಟ್ಟಿಗೆ ಕಣ್ಣಳತೆಯಲ್ಲೇ: ಗೆರೆ ನೆಟ್ಟಗಿದೆಯಾ, ಕಲೆ ಇದೆಯಾ, ಬಣ್ಣ ಹೇಗಿದೆ. ಅದು ರೂಪದ ಮಾರ್ಕು, ಹೊಡೆತದ ಮಾರ್ಕಲ್ಲ. ಕಲೆ ಇರುವ ಬ್ಯಾಟು ಚೆನ್ನಾಗಿ ಹೊಡೆಯಬಹುದು, ಚೆಂದದ್ದು ಮಂಕಾಗಿರಬಹುದು.

ಮೂರನೆಯದು ‘ಮ್ಯಾಸಿವ್ ಎಡ್ಜ್’. 1979ರಲ್ಲಿ ಪರ್ತ್ ಟೆಸ್ಟಿನಲ್ಲಿ ಡೆನಿಸ್ ಲಿಲ್ಲಿ ಅಲ್ಯುಮಿನಿಯಂ ಬ್ಯಾಟ್ ಹಿಡಿದು ಬಂದು ದೊಡ್ಡ ರಂಪ ಆಯ್ತು. ಆಮೇಲೆ ಬ್ಲೇಡ್ ಮರದ್ದೇ ಇರಬೇಕು ಅಂತ ನಿಯಮ ಬಂತು. 2017ರಿಂದ ಎಡ್ಜ್ 40 ಮಿಲಿಮೀಟರ್, ದಪ್ಪ 67 ಮಿಲಿಮೀಟರ್ ಮೀರುವಂತಿಲ್ಲ. ಅಗಲದ ಮಿತಿ 108 ಮಿಲಿಮೀಟರ್. ನಿಯಮದ ಒಳಗಿರುವ ಎಲ್ಲ ಬ್ಯಾಟುಗಳೂ ಒಂದೇ ಮರದ ತುಂಡನ್ನು, ಒಂದೇ ಪೆಟ್ಟಿಗೆಯೊಳಗೆ ಹಿಡಿಸುವ ಪ್ರಯತ್ನ. ಹಾಗಿರುವಾಗ ಪ್ರತಿ ವರ್ಷ ‘ಕ್ರಾಂತಿ’ ಆಗೋದಾದರೂ ಎಲ್ಲಿಂದ?

ಇದೇ ಆಟ ಇನ್ನೂ ದುಬಾರಿ ಸಾಮಾನಿನಲ್ಲೂ ನಡೀತದೆ. ಗಾಲ್ಫಿನಲ್ಲಿ ದೂರ ಹೊಡೆಯುವ ಕ್ಲಬ್ಬಿಗೆ ಡ್ರೈವರ್ ಅಂತಾರೆ. ಅದರ ಮುಖ ಚೆಂಡನ್ನು ಪುಟಿಸುವ ಗುಣಾಂಕಕ್ಕೆ 0.83 ಅಂತ ಮಿತಿ ಇದೆ, ತಲೆಯ ಗಾತ್ರಕ್ಕೆ 460 ಸಿಸಿ. ಆದರೂ ‘ಹಳೆಯದಕ್ಕಿಂತ 10 ಗಜ ಹೆಚ್ಚು’ ಅನ್ನೋ ಥರದ ಜಾಹೀರಾತು ಮತ್ತೆ ಮತ್ತೆ ಬರುತ್ತವೆ. ವರ್ಷಕ್ಕೆ 10 ಗಜ ನಿಜವಾಗಿದ್ದರೆ ಇಪ್ಪತ್ತು ವರ್ಷಕ್ಕೆ 200 ಗಜ ಏರಬೇಕಿತ್ತು. ಅಮೆರಿಕದ ಪಿಜಿಎ ಟೂರ್ ವೃತ್ತಿಪರರ ಸರಾಸರಿ 2004ರಲ್ಲಿ ಸುಮಾರು 287 ಗಜ ಇತ್ತು, 2023ರಲ್ಲಿ ಸುಮಾರು 299. ಆ ಹನ್ನೆರಡು ಗಜದಲ್ಲೂ ಚೆಂಡು, ಜಿಮ್ಮು, ತರಬೇತಿ ಎಲ್ಲದರ ಪಾಲಿದೆ.

ಈಗ ನಮ್ಮ ಹುಡುಗರ ಲೆಕ್ಕಕ್ಕೆ ಬರೋಣ. ಮೆಕ್ಯಾನಿಕ್ಸ್ ಓದಿದವರಿಗೆ ಇದು ಸುಲಭ:

ಚೆಂಡು ಹೋಗುವ ವೇಗ = ಪುಟಿತಾಂಕ × ಚೆಂಡು ಬಂದ ವೇಗ + (1 + ಪುಟಿತಾಂಕ) × ಬ್ಯಾಟಿನ ವೇಗ

ಲೆಕ್ಕಕ್ಕೆ ಅಂತ ಚೆಂಡು 80 ಕಿ.ಮೀ., ಬ್ಯಾಟು 80 ಕಿ.ಮೀ., ಪುಟಿತಾಂಕ 0.2 ಇಟ್ಟುಕೊಳ್ಳಿ. ಉತ್ತರ 112 ಕಿ.ಮೀ. ಒಳ್ಳೆ ಬ್ಯಾಟು ತಂದು ಪುಟಿತಾಂಕ ಶೇ. 5 ಏರಿಸಿದರೆ 113.6. ಬ್ಯಾಟು ಹಾಗೇ ಇಟ್ಟು ಬೀಸುವ ವೇಗ ಶೇ. 5 ಏರಿಸಿದರೆ 116.8. ಲಾಭ ಮೂರು ಪಟ್ಟು. ಅಂದ್ರೆ ಬಿರುದಿಗಿಂತ ಮುಖ್ಯವಾದದ್ದು, ಈ ಬ್ಯಾಟನ್ನು ನಿಮ್ಮ ಕೈ ಎಷ್ಟು ಬೇಗ ಬೀಸಬಲ್ಲದು ಅನ್ನೋದು. ಅದು ತೂಕ ಮತ್ತು ತೂಕ ಎಲ್ಲಿ ಕೂತಿದೆ ಅನ್ನೋದರ ಮೇಲೆ ನಿಂತಿದೆ.

ಟೆನಿಸ್ ಚೆಂಡಿನಲ್ಲಿ ಇನ್ನೊಂದು ಮಾತಿದೆ. ಟೆನಿಸ್ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಕಾಂಕ್ರೀಟ್ ಮೇಲೆ ಬಿಟ್ಟರೆ 135ರಿಂದ 147 ಸೆಂ.ಮೀ. ಪುಟಿಯಬೇಕು ಅನ್ನೋದು ಆ ಆಟದ ನಿಯಮ. ಹೆಚ್ಚುಕಡಿಮೆ ಅರ್ಧ ಶಕ್ತಿ ಚೆಂಡಿನೊಳಗೇ ಕರಗಿಹೋಯ್ತು. ಗಟ್ಟಿ ಕಾಂಕ್ರೀಟೇ ಹೀಗಾದರೆ, ಮರ ಇಂಗ್ಲೆಂಡಿನದೋ ಕಾಶ್ಮೀರದ್ದೋ ಅನ್ನೋದರಿಂದ ಎಷ್ಟು ವ್ಯತ್ಯಾಸ ಆದೀತು? ಲೆದರ್ ಬಾಲ್ ಆಡುವವರಿಗೆ ಇಂಗ್ಲಿಷ್ ವಿಲ್ಲೋ ಲಾಭ ನಿಜವೇ: ಮರ ಮೆತ್ತಗೆ, ಹಗುರ, ಚೆನ್ನಾಗಿ ಪುಟಿಸುತ್ತೆ. ಕಾಶ್ಮೀರಿ ವಿಲ್ಲೋ ಸಾಮಾನ್ಯವಾಗಿ ಗಟ್ಟಿ, ತುಸು ಭಾರ, ಬೆಲೆ ಕಡಿಮೆ. ಮೆತ್ತನೆ ಚೆಂಡಿಗೆ ಅದು ಸಾಕು.

ಇಷ್ಟು ಹೇಳಿದ್ದಕ್ಕೆ ತಮ್ಮ ಒಪ್ಪಲಿಲ್ಲ. “ಲೆಕ್ಕ ಬಿಡಣ್ಣಾ, ಯೂಟ್ಯೂಬ್‌ನಾಗ ಹೆಂಗ ಸಿಕ್ಸ್ ಹೋಗ್ತಾವು ನೋಡೀಯೇನು?” ಅಂದ. ಸರಿ, ನಾವೇ ಅಳೆಯೋಣ ಅಂದೆ. ಭಾನುವಾರ ಊರಿಗೆ ಹೋದೆ. ಗೆಳೆಯರಿಂದ ಒಂದು ಇಂಗ್ಲಿಷ್, ಒಂದು ಕಾಶ್ಮೀರಿ ಬ್ಯಾಟ್ ಇಸ್ಕೊಂಡು, ಹಿಂದೆ ಮುಂದೆ ಸ್ಟಿಕರ್ ಮುಚ್ಚುವಂತೆ ತೆಳು ಕಾಗದ ಅಂಟಿಸಿದೆವು. ನಾಲ್ವರು ಹುಡುಗರು, ಒಂದೇ ಚೆಂಡು, ಕೆಳಗೈ ಎಸೆತ, ಒಬ್ಬೊಬ್ಬನಿಗೆ ಒಂದೊಂದು ಬ್ಯಾಟಿನಲ್ಲಿ ಹತ್ತು ಹೊಡೆತ. ಚೆಂಡು ಬಿದ್ದ ಜಾಗ ಹೆಜ್ಜೆಯಲ್ಲಿ ಅಳೆದು ಬರ್ಕೊಂಡೆ. ಒಬ್ಬನೇ ಹುಡುಗನ ಹತ್ತು ಹೊಡೆತಗಳ ನಡುವೆ ಇದ್ದ ಅಂತರದ ಮುಂದೆ ಎರಡು ಬ್ಯಾಟಿನ ಸರಾಸರಿಯ ಅಂತರ ಏನೂ ಅಲ್ಲ ಅನ್ನುವಂತಿತ್ತು. ‘ಇದು ಇಂಗ್ಲಿಷು’ ಅಂತ ಊಹಿಸಿದವರಲ್ಲಿ ಇಬ್ಬರು ತಪ್ಪು ಬ್ಯಾಟ್ ತೋರಿಸಿದರು. ಹತ್ತು ಹೊಡೆತದಲ್ಲಿ ಸಣ್ಣ ವ್ಯತ್ಯಾಸ ಸಿಕ್ಕಿಬೀಳೋದಿಲ್ಲ, ಒಪ್ಪುತ್ತೇನೆ. ಆದರೆ ಸಾವಿರಾರು ರೂಪಾಯಿ ಹೆಚ್ಚು ಕೊಡುವಷ್ಟು ವ್ಯತ್ಯಾಸ ಇದ್ದಿದ್ದರೆ ಕಣ್ಣಿಗೆ ಕಾಣಬೇಕಿತ್ತು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಈ ಬುದ್ಧಿ ಮೊದಲಿನಿಂದಲೂ ಇದೆ. ಇಳಕಲ್ ಸೀರೆ ಕೊಳ್ಳುವಾಗ ನಮ್ಮವ್ವ ಅಂಗಡಿಯವನ ಮಾತು ಕೇಳ್ತಾ ಕೂಡೋದಿಲ್ಲ. ಸೀರೆ ಮಗುಚಿ, ಒಡಲಿಗೂ ಸೆರಗಿಗೂ ಎಳೆ ಜೋಡಿಸಿದ ಕೊಂಡಿ ಎಲ್ಲಿದೆ ಅಂತ ಬೆರಳಾಡಿಸಿ ನೋಡ್ತಾಳೆ. ಕೈಮಗ್ಗದ ಗುರುತು ಅಲ್ಲಿದೆ, ಲೇಬಲ್ಲಿನಲ್ಲಿಲ್ಲ ಅಂತ ಆಕೆಗೆ ಗೊತ್ತು.

ಬ್ಯಾಟಿಗೂ ಅಂಥ ಕೊಂಡಿಗಳಿವೆ. ತೂಕದ ಯಂತ್ರದ ಮೇಲೆ ಇಡಿಸಿ, ಗ್ರಾಂ ಬರ್ಕೊಳ್ಳಿ. ಒಂದೇ ತೂಕದ ಎರಡು ಬ್ಯಾಟ್ ಎತ್ತಿ ಬೀಸಿ ನೋಡಿ, ಯಾವುದು ಹಗುರ ಅನಿಸುತ್ತೋ ಅದರ ಭಾರ ಕೈಗೆ ಹತ್ತಿರ ಕೂತಿದೆ. ಹಿಡಿ ಸಡಿಲವಾಗಿ ಹಿಡಿದು ಚೆಂಡಿನಿಂದ ಮುಖದುದ್ದಕ್ಕೂ ತಟ್ಟಿ. ಎಲ್ಲಿ ಕೈಗೆ ಜುಮ್ಮೆನ್ನುವುದಿಲ್ಲವೋ ಅದೇ ಸ್ವೀಟ್ ಸ್ಪಾಟ್. ಅದು ನೀವು ಚೆಂಡು ಹೊಡೆಯುವ ಎತ್ತರದಲ್ಲಿದೆಯಾ ನೋಡಿ. ಹಿಡಿ ಸೇರುವ ಜಾಗದಲ್ಲಿ ಬಿರುಕಿದೆಯಾ ನೋಡಿ. ಲೆದರ್ ಬಾಲಿಗಾದರೆ ‘ರೆಡಿ ಟು ಪ್ಲೇ’ ಅಂದರೂ ಸುತ್ತಿಗೆಯಿಂದ ತಟ್ಟಿ ಹದ ಮಾಡೋ ಕೆಲಸ ತಪ್ಪಿಸಬೇಡಿ.

ಶಿರೂರಿನ ಹುಡುಗರು ಎರಡು ಸಾವಿರದೊಳಗೆ ಒಂದು ಕಾಶ್ಮೀರಿ ವಿಲ್ಲೋ ಬ್ಯಾಟು, ಎರಡು ಡಜನ್ ಚೆಂಡು ತಂದರು. ಉಳಿದದ್ದರಲ್ಲಿ ಮೊದಲು ಕೂಲಿ ಹುಡುಗರ ಐದೈದು ನೂರು ವಾಪಸ್ ಕೊಟ್ಟರು, ಮಿಕ್ಕದ್ದು ಟೂರ್ನಮೆಂಟ್ ಫೀಸಿಗೆ ಇಟ್ಟರು. ನಿಮ್ಮೂರಿನ ತಂಡವೂ ಪಟ್ಟಿ ಕೂಡಿಸ್ತಿದ್ದರೆ, ಕೊಳ್ಳುವ ಮುಂಚೆ ಕಾಗದ ಅಂಟಿಸಿ ಒಂದು ಭಾನುವಾರ ಆಡಿ ನೋಡಿ. ನಾಲ್ವರ ಬದಲು ಹತ್ತು ಮಂದಿ ಆಡಿ ಅಂಕಿ ಕಳಿಸಿದರೆ, ಸರಾಸರಿ ತೆಗೆಯೋ ಕೆಲಸ ನನಗಿರಲಿ.