ಬದನೆಗೆ ಎರಡು ದಿನ

ಬೆಳಗಿನ ನಾಲ್ಕೂವರೆಗೆ ಎದ್ದು ನಾನು ಸ್ಟ್ರಾಬೆರಿ ಕೊಯ್ಯುತ್ತಿದ್ದೆ ಎಂದರೆ ವಾನಳ್ಳಿಯಲ್ಲಿ ಯಾರೂ ನಂಬಲಿಕ್ಕಿಲ್ಲ. ನಮ್ಮ ಕಡೆ ಆ ಹೊತ್ತಿಗೆ ಎದ್ದ ಹೆಂಗಸರು ಕೊಟ್ಟಿಗೆಗೋ ಬಚ್ಚಲೊಲೆಯ ಬುಡಕ್ಕೋ ಹೋಗುವುದು ವಾಡಿಕೆ. ನಾನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ರಾತ್ರಿ ಹತ್ತೂವರೆಗೆ ಬಿತ್ತಿದ ಸ್ಟ್ರಾಬೆರಿ ನಾಲ್ಕು ತಾಸಿಗೆ ಹಣ್ಣಾಗುತ್ತದೆ. ಬೆಳಕು ಹರಿದು ಬಹಳ ಹೊತ್ತಾದ ಮೇಲೂ ಕೊಯ್ಯದೆ ಬಿಟ್ಟರೆ ಬಾಡಿ ಹೋಗುತ್ತದೆ. ಅಡಿಕೆ ತೋಟದ ಮನೆಯ ಸೊಸೆ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು, ಇಬ್ಬರು ಮಕ್ಕಳ ತಾಯಿ, ಇಲ್ಲದ ಹೊಲದಲ್ಲಿ ಇಲ್ಲದ ಹಣ್ಣು ಬಾಡೀತೆಂದು ನಿದ್ದೆ ಬಿಡುತ್ತಿದ್ದಳು. ನಗುವವರು ನಗಬಹುದು. ನಮ್ಮ ಮನೆಯವರು ಹತ್ತು ವರ್ಷ ನಕ್ಕರು.

ಆಟದ ಹೆಸರು ಫಾರ್ಮ್‌ವಿಲ್. ಅಮೆರಿಕದ ಜಿಂಗಾ ಎಂಬ ಕಂಪನಿ ಇದನ್ನು 2009ರ ಜೂನ್‌ನಲ್ಲಿ ಫೇಸ್‌ಬುಕ್ಕಿನೊಳಗೆ ಶುರು ಮಾಡಿತು. ಜಿಂಗಾ ಎನ್ನುವುದು ಕಂಪನಿ ಕಟ್ಟಿದ ಮಾರ್ಕ್ ಪಿಂಕಸ್ ಸಾಕಿದ್ದ ನಾಯಿಯ ಹೆಸರಂತೆ. ನಾಯಿಯ ಹೆಸರಿನ ಕಂಪನಿ ನಮಗೆಲ್ಲ ಬೇಸಾಯ ಕಲಿಸಿತು ಎಂದು ಇವರು ಅದಕ್ಕೂ ನಕ್ಕರು. 2010ರ ಹೊತ್ತಿಗೆ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಈ ಹೊಲಕ್ಕೆ ಬಂದು ಹೋಗುತ್ತಿದ್ದರು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಹಸುಗೂಸಿನಿಂದ ಹಣ್ಣು ಮುದುಕರವರೆಗೆ ನಮ್ಮ ರಾಜ್ಯದವರೆಲ್ಲ ಕುಳಿತು ಆಡಿದರೂ ಅಷ್ಟಾಗುತ್ತಿರಲಿಲ್ಲ ಎಂದಾಯಿತು.

ನನಗೆ ಇದನ್ನು ಹಚ್ಚಿದವನು ಬೆಂಗಳೂರಿನಿಂದ ಬೇಸಿಗೆ ರಜೆಗೆ ಬಂದ ಅಣ್ಣನ ಮಗ. "ಅತ್ತೆ, ನಿಂಗೆ ನೆರೆಮನೆ ಬೇಕು, ಇಲ್ಲದಿದ್ರೆ ಆಟ ಮುಂದೆ ಹೋಗ್ತಿಲ್ಲೆ" ಎಂದು ತಾನೇ ಒಂದಿಷ್ಟು ಜನರನ್ನು ಸೇರಿಸಿಕೊಟ್ಟ. ಬಿ.ಎಡ್.ನಲ್ಲಿ ಜೊತೆಗಿದ್ದ ಯಲ್ಲಾಪುರದವಳು, ಸಿದ್ದಾಪುರದ ಒಬ್ಬ ಟೀಚರು, ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮನ ಮಗಳು, ಅವಳ ಗೆಳತಿಯರು, ಮತ್ತೆ ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ನನ್ನ ವಾರಗಿತ್ತಿ. ಒಟ್ಟು ನಲವತ್ತು ಮಂದಿ. ವಾನಳ್ಳಿಯಲ್ಲಿ ನಮ್ಮ ಕೇರಿಗೆ ಅಷ್ಟು ಮನೆಗಳಿಲ್ಲ.

ಆಟ ಬಹಳ ಸರಳ. ಒಂದು ಮಡಿ ಉಳಲು 15 ನಾಣ್ಯ, ಸ್ಟ್ರಾಬೆರಿ ಬೀಜಕ್ಕೆ 10, ಕೊಯ್ದರೆ 35. ಬದನೆಗೆ ಎರಡು ದಿನ ಬೇಕು. ಭತ್ತವೂ ಇತ್ತು, ಹನ್ನೆರಡು ತಾಸಿನಲ್ಲಿ ತೆನೆ! ಆಕಳಿಗೆ ಹುಲ್ಲು ಹಾಕಬೇಕಿಲ್ಲ, ಸಗಣಿ ಬಾಚಬೇಕಿಲ್ಲ, ದಿನಕ್ಕೊಮ್ಮೆ ಹಾಲು ಕರೆದರಾಯಿತು. ಅಡಿಕೆ ಮರ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಮಳೆಯೇ ಇಲ್ಲದ ಆ ಊರಿನಲ್ಲಿ ಕೊಳೆರೋಗವೂ ಇಲ್ಲ. ಹೊರಗೆ ಜೂನ್ ಮಳೆ ಹೊಡೆಯುವ ಮೊದಲು ಇವರು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕಲೆಸಿ, ಮರ ಹತ್ತುವ ಆಳು ಸಿಗದೆ ಜಗಲಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿರುತ್ತಿದ್ದರು. ಒಳಗೆ ನನ್ನ ಹೊಲ ನಳನಳಿಸುತ್ತಿತ್ತು. "ನಿನ್ನ ತೋಟಕ್ಕೆ ಕೊಳೆ ಬತ್ತಿಲ್ಯನೇ?" ಎಂದು ಕೇಳುತ್ತಿದ್ದರು. ಪಾಪ, ಅದರಲ್ಲಿ ಅರ್ಧ ಅಸೂಯೆಯೂ ಇತ್ತೆಂದು ಈಗ ಅನಿಸುತ್ತದೆ.

ನೆರೆಯವರ ಕೆಲಸವೆಂದರೆ ಪರಸ್ಪರ ಹೊಲಕ್ಕೆ ಹೋಗಿ ಗೊಬ್ಬರ ಹಾಕುವುದು, ಗಿಡ ಉಡುಗೊರೆ ಕೊಡುವುದು, ಕೊಟ್ಟಿಗೆ ಕಟ್ಟಲು ಮೊಳೆ, ಹಲಗೆ, ಇಟ್ಟಿಗೆ ಒದಗಿಸುವುದು. ಬಂದು ಹೋದವರ ಪುಟ್ಟ ಗೊಂಬೆ ನಮ್ಮ ಹೊಲದಲ್ಲಿ ನಿಂತಿರುತ್ತದೆ. ಅವರ ಸಹಾಯ ಒಪ್ಪಿಕೊಳ್ಳುವಿರಾ ಎಂದು ಆಟ ಕೇಳುತ್ತದೆ.

ಈ ಪ್ರಶ್ನೆ ನನಗೆ 2012ರಲ್ಲಿ ದೊಡ್ಡದಾಯಿತು. ಮಾವನವರು ತೀರಿಕೊಂಡು ಮನೆ ಹಿಸ್ಸೆಯಾದ ವರ್ಷ ಅದು. ತೋಟ ಹಂಚಿಕೆಯಾಯಿತು, ಬೆಟ್ಟ ಹಂಚಿಕೆಯಾಯಿತು, ತಾಮ್ರದ ಹಂಡೆಗಳೂ ಹಂಚಿಕೆಯಾದವು. ಅಬ್ಬಿಯ ನೀರಿನ ಹತ್ತಿರ ಬಂದು ಎಲ್ಲ ನಿಂತಿತು. ಹಿಂದೆ ಅಡಿಕೆ ದಬ್ಬೆಯಲ್ಲಿ ಗುಡ್ಡದಿಂದ ಇಳಿದು ಬರುತ್ತಿದ್ದ ಆ ಒಂದು ಎಳೆ ನೀರು ಈಗ ಪೈಪಿನಲ್ಲಿ ಬರುತ್ತದೆ. ಏಪ್ರಿಲ್‌ನಲ್ಲಿ ಅದು ಎರಡು ಮನೆಗೆ ಸಾಲುವುದಿಲ್ಲ. ಯಾರು ಮೊದಲು, ಯಾರು ಆಮೇಲೆ ಎಂಬಲ್ಲಿ ಗಂಡಸರು ನಾಲ್ಕು ಮಾತಾಡಿದರು, ನಾವು ಹೆಂಗಸರು ನಲವತ್ತು ಮಾತಾಡಿದೆವು. ನಾನು ಆಡಬಾರದ್ದೊಂದು ಮಾತನ್ನು ಆಡಿದೆ. ಅದನ್ನು ಇಲ್ಲಿ ಬರೆಯಲಾರೆ. ಅಂದಿನಿಂದ ದಣಪೆ ದಾಟುವುದು ನಿಂತಿತು. ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿಗೆ ಕೂತೆವು.

ಫೇಸ್‌ಬುಕ್ಕಿನಲ್ಲಿ ಗೆಳೆತನ ಕಡಿಯುವ ಗುಂಡಿ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮಾತು ಬಿಟ್ಟು ವಾರವಾಗಿತ್ತು. ಒಂದು ಬೆಳಗಿನ ಜಾವ ಹೊಲ ತೆರೆದರೆ ನನ್ನ ಬದನೆ ಸಾಲಿನಲ್ಲಿ ಅವಳ ಗೊಂಬೆ ನಿಂತಿದೆ. ಗೊಬ್ಬರ ಹಾಕಿ ಹೋಗಿದ್ದಾಳೆ! ಮೊದಲು ಸಿಟ್ಟು ಬಂತು. ನನ್ನನ್ನು ಅಣಕಿಸುತ್ತಾಳೆ ಎನಿಸಿತು. ಒಪ್ಪಿಕೊಳ್ಳದೆ ಕಂಪ್ಯೂಟರ್ ಆರಿಸಿ ಹಾಲು ಕಾಸಲು ಹೋದೆ. ಶಾಲೆಯಲ್ಲಿ ಮೂರು ಪಿರಿಯಡ್ ಅದೇ ತಲೆಯಲ್ಲಿ. ಸಂಜೆ ಬಂದು ಕೈಕಾಲು ತೊಳೆಯುವ ಮೊದಲು ಒಪ್ಪಿಕೊಂಡೆ. ಆಮೇಲೆ ಅವಳ ಹೊಲಕ್ಕೆ ಹೋಗಿ ನಾನೂ ಹಾಕಿ ಬಂದೆ.

ಅಲ್ಲಿಂದ ಮುಂದೆ ಎಂಟು ವರ್ಷ ಇದು ನಡೆಯಿತು. ಹೊರಗೆ ಎದುರಾದರೆ ಮುಖ ತಿರುಗಿಸುತ್ತಿದ್ದೆವು. ಒಳಗೆ ಅವಳು ನನ್ನ ಕೋಳಿಗೆ ಕಾಳು ಹಾಕುತ್ತಿದ್ದಳು, ನಾನು ಅವಳಿಗೆ ಮೊಳೆ ಕಳಿಸುತ್ತಿದ್ದೆ. ನಿಜವಾದ ಒಂದು ಮೊಳೆ ಬೇಕಾದರೆ ಶಿರಸಿ ಪೇಟೆಗೆ ಹೋಗಿ ತಂದೇನು, ಆ ಮನೆಯಲ್ಲಿ ಕೇಳಲಾರೆ ಎಂಬ ಹಟದವಳೇ ನಾನು. ಅವಳಿಗೆ ಜ್ವರ ಬಂದದ್ದು ನನಗೆ ತಿಳಿಯುತ್ತಿದ್ದದ್ದು ಅವಳ ಹೊಲದ ಬೆಳೆ ಬಾಡಿದಾಗ. ಇವರಿಗೆ ಇದನ್ನು ಹೇಳಲಿಲ್ಲ. ಅವಳೂ ಮನೆಯಲ್ಲಿ ಹೇಳಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಇಷ್ಟರಲ್ಲಿ ಆಟ ಹಳತಾಗುತ್ತಿತ್ತು. ಅದೇ ಕಂಪನಿ 2010ರ ಕೊನೆಗೆ ಪಟ್ಟಣ ಕಟ್ಟುವ ಸಿಟಿವಿಲ್ ತಂದಾಗ ಕೆಲವರು ಪಟ್ಟಣಕ್ಕೆ ಹೋದರು. ಆಟದಲ್ಲೂ ಹಳ್ಳಿ ಬಿಡುವುದೇ! ಆ ಪಟ್ಟಣ 2015ರಲ್ಲೇ ಮುಚ್ಚಿ ಹೋಯಿತು, ಹೋದವರು ಮಾತ್ರ ತಿರುಗಿ ಬರಲಿಲ್ಲ. ಮತ್ತೆ ಕೆಲವರನ್ನು ಕ್ಯಾಂಡಿ ಕ್ರಶ್ ಸೆಳೆಯಿತು. 2016ರಲ್ಲಿ ಜಿಯೋ ಬಂದ ಮೇಲೆ ಎಲ್ಲರೂ ಕಂಪ್ಯೂಟರ್ ಬಿಟ್ಟು ಮೊಬೈಲ್ ಹಿಡಿದರು. ನಮ್ಮ ಹೊಲ ನಿಂತಿದ್ದು ಅಡೋಬಿಯವರ ಫ್ಲ್ಯಾಶ್ ಎಂಬ ತಂತ್ರದ ಮೇಲೆ. ಅದು ಮೊಬೈಲಿಗೆ ಒಗ್ಗಲಿಲ್ಲ. ಅದನ್ನು 2020ರ ಕೊನೆಗೆ ನಿಲ್ಲಿಸುತ್ತೇವೆಂದು ಅಡೋಬಿ 2017ರಲ್ಲೇ ಸಾರಿತ್ತು.

ನಲವತ್ತು ಮನೆಗಳಲ್ಲಿ ಹತ್ತು ಉಳಿದವು, ಆಮೇಲೆ ಮೂರು. ಬಿಟ್ಟು ಹೋದವರ ಹೊಲ ಅಳಿಸಿ ಹೋಗುವುದಿಲ್ಲ, ಅದೇ ಕಷ್ಟ. ಯಲ್ಲಾಪುರದವಳ ಹೊಲದಲ್ಲಿ ಒಣಗಿದ ಬೆಳೆ ವರ್ಷಗಟ್ಟಲೆ ಹಾಗೇ ನಿಂತಿತ್ತು, ಬೇಲಿಯ ಬದಿಯಲ್ಲಿ ನಾನೇ ಕೊಟ್ಟ ಗಿಡ. ಹೊರಗೂ ಅದೇ ಚಿತ್ರ. ಶಾಲೆಗೆ ಹೋಗುವ ದಾರಿಯಲ್ಲಿ ಬೀಗ ಹಾಕಿದ ಮನೆಗಳನ್ನು ಲೆಕ್ಕ ಹಾಕುವ ಚಟ ನನಗಿದೆ. ನಾನು ಮದುವೆಯಾಗಿ ಬಂದಾಗ ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾಯಿತೆಂದರೆ ರಾತ್ರಿ ಅಡಿಕೆ ಸುಲಿಯಲು ಕೇರಿಯ ಹೆಂಗಸರೆಲ್ಲ ಅಂಗಳದಲ್ಲಿ ಸೇರುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು, ನಡುವೆ ಕವಳ, ಬೆಲ್ಲದ ಚಹಾ, ಇಡೀ ಊರಿನ ಸುದ್ದಿ. ಜಗಳವಾಡಿದವರೂ ಬರಲೇಬೇಕಿತ್ತು. ಇಂದು ನಿನ್ನ ಅಂಗಳವಾದರೆ ನಾಳೆ ನನ್ನದು, ಕೈ ಬೇಕಲ್ಲ? ಪಕ್ಕಪಕ್ಕ ಕೂತು ನಾಲ್ಕು ರಾತ್ರಿ ಸುಲಿದರೆ ಐದನೆಯ ರಾತ್ರಿ ಮಾತು ತಾನೇ ಹೊರಡುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಕೈಯ ಗಾಯ ತಪ್ಪಿತು, ಯಂತ್ರವನ್ನು ನಾನು ಬೈಯಲಾರೆ. ಆದರೆ ನಮ್ಮಿಬ್ಬರನ್ನು ಪಕ್ಕದಲ್ಲಿ ಕೂರಿಸಲು ಯಾವ ನೆಪವೂ ಉಳಿದಿರಲಿಲ್ಲ, ಆ ಒಂದು ಆಟದ ಹೊರತು.

2020ರ ಸೆಪ್ಟೆಂಬರ್ ಕೊನೆಗೆ ನೋಟಿಸು ಬಂತು. ಡಿಸೆಂಬರ್ 31ಕ್ಕೆ ಫಾರ್ಮ್‌ವಿಲ್ ಬಂದ್. ಶಾಲೆಗಳು ಮುಚ್ಚಿದ್ದ ಕಾಲ. ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡದ ನೆತ್ತಿಯಲ್ಲಿ ಕೊಡೆ ಹಿಡಿದು ಪಾಠ ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಆಟ ಮುಚ್ಚುತ್ತದೆಂದು ಐವತ್ತರ ಹೆಂಗಸು ದುಃಖಪಡುವುದು ನನಗೇ ನಾಚಿಕೆ ಎನಿಸಿತು. ದುಃಖವೇನೂ ಕಡಿಮೆಯಾಗಲಿಲ್ಲ.

ಕೊನೆಯ ದಿನ ಸಂಜೆ ದೀಪ ಹಚ್ಚಿ ಬಂದು ಕೂತೆ. ನನ್ನದೆಲ್ಲ ಕೊಯ್ದು ಮುಗಿಸಿದೆ, ಆಕಳ ಹಾಲು ಕರೆದೆ. ಅವಳ ಹೊಲಕ್ಕೆ ಹೋದರೆ ಅಂದೇ ಬಿತ್ತಿದ ಬದನೆ, ಇಡೀ ಹೊಲ ತುಂಬ. ಎರಡು ದಿನದ ಬೆಳೆ, ಉಳಿದದ್ದು ಕೆಲವೇ ತಾಸು. ಲೆಕ್ಕ ತಪ್ಪುವವಳಲ್ಲ ಅವಳು, ಅಡಿಕೆ ವ್ಯಾಪಾರಿಯ ಲೆಕ್ಕದಲ್ಲಿ ತಪ್ಪು ಹಿಡಿದವಳು. ನಾನು ಹಾಕಬಹುದಾದಷ್ಟು ಮಡಿಗೆ ಗೊಬ್ಬರ ಹಾಕಿ ಎದ್ದೆ.

ಜನವರಿಯಲ್ಲಿ ನಾಲ್ಕೂವರೆಗೆ ಎಚ್ಚರವಾಗುವುದು ತಪ್ಪಲಿಲ್ಲ. ಎದ್ದು ಮಾಡುವುದೇನು? ಒಂದು ವಾರ ಕತ್ತಲೆಯಲ್ಲಿ ಜಗಲಿಯ ಮೇಲೆ ಕೂತು ಆ ಮನೆಯ ಅಡಿಗೆ ಕೋಣೆಯ ದೀಪ ನೋಡಿದೆ. ಅದೂ ನಾಲ್ಕೂವರೆಗೇ ಹತ್ತುತ್ತಿತ್ತು. ಎಂಟನೆಯ ದಿನ ಹಿತ್ತಲ ಪಾತಿಯಿಂದ ಹನ್ನೆರಡು ಬದನೆ ಅಗೆ ಕಿತ್ತು, ಬಾಳೆಎಲೆಯಲ್ಲಿ ಸುತ್ತಿ, ದಣಪೆ ದಾಟಿದೆ. ನಾಯಿ ಬೊಗಳಿತು, ಎಂಟು ವರ್ಷದಲ್ಲಿ ಅದು ಬೇರೆ ನಾಯಿ.

ಅವಳು ಹೊರಗೆ ಬಂದು ನನ್ನನ್ನೂ ಅಗೆಯನ್ನೂ ನೋಡಿದಳು.

"ಇದಕ್ಕೆ ಎರಡು ದಿನ ಸಾಕಾಗ್ತಿಲ್ಲೆ" ಎಂದಳು.

"ಗೊಬ್ಬರ ಯಾರಾದರೂ ಹಾಕವು" ಎಂದೆ.

ಒಳಗೆ ಕರೆದು ಚಹಾ ಕೊಟ್ಟಳು. ಕೀಲು ನೋವಿನ ಮಾತಾಯಿತು, ಬೆಂಗಳೂರಿನ ಮಕ್ಕಳ ಮಾತಾಯಿತು. ನಾನು ಅಂದು ಆಡಿದ ಆ ಮಾತನ್ನು ಅವಳು ಎತ್ತಲಿಲ್ಲ. ಕ್ಷಮಿಸು ಎನ್ನಲು ನನಗೂ ಬಾಯಿ ಬರಲಿಲ್ಲ. ಅಬ್ಬಿ ನೀರಿನ ಸರದಿ ಇನ್ನೂ ತೀರ್ಮಾನವಾಗಿಲ್ಲ. ಏಪ್ರಿಲ್ ಬಂದಾಗ ಇಬ್ಬರೂ ಬೆಳಗಿನ ಜಾವವೇ ಎದ್ದು, ಯಾರು ಮೊದಲು ಎದ್ದರೋ ಅವರು ಎರಡು ಮನೆಯ ಬದನೆ ಗಿಡಕ್ಕೂ ನೀರು ಬಿಡುತ್ತೇವೆ.